ಶರಣ ವಾಙ್ಮಯದ ವಕೀಲರು: ರಾವಬಹದ್ದೂರ ಫ. ಗು. ಹಳಕಟ್ಟಿಯವರು

ಬೆಂಗಳೂರಿನ ದಕ್ಷಿಣ ಭಾಗದ ಜಯನಗರ, ಬನಶಂಕರಿ ಮೊದಲಾದ ಬಡಾವಣೆಗಳಲ್ಲಿ ವಾಸಿಸುವ ಸದ್ಭಕ್ತರಿಗೆ ನ್ಯಾಯಸ್ಥಾನದ ಹೊಸ್ತಿಲು ಅಪರಿಚಿತವಾದುದಲ್ಲ. ನಿವೇಶನದ ತಕರಾರು, ಅಣ್ಣತಮ್ಮಂದಿರ ಪಾಲುಪಟ್ಟಿ, ಬಾಡಿಗೆಯ ವ್ಯಾಜ್ಯ, ಹೀಗೆ ಒಂದಿಲ್ಲೊಂದು ಕಾರಣದಿಂದ ವಕೀಲರ ಮನೆಯ ಮೆಟ್ಟಲನ್ನು ಹತ್ತದಿರುವ ಕುಟುಂಬಗಳು ವಿರಳ. ವರ್ಷಾನುಗಟ್ಟಲೆ ನಡೆದ ದಾವೆಯು ತಮ್ಮ ಕಡೆಗೆ ಆದಂದು ಕಕ್ಷಿಗಾರರು ಫಲತಾಂಬೂಲವನ್ನೂ ಹೂಮಾಲೆಯನ್ನೂ ಶಾಲನ್ನೂ ತೆಗೆದುಕೊಂಡು ವಕೀಲರಲ್ಲಿಗೆ ಹೋಗುವುದುಂಟು. ಗೊತ್ತುಮಾಡಿದ ಶುಲ್ಕವು ಸಂದಿದ್ದರೂ ಮನಸ್ಸಿನಲ್ಲಿ ಇನ್ನೂ ಏನೋ ಬಾಕಿ ಉಳಿದಿದೆಯೆಂಬ ಭಾವನೆಯೇ ಇದಕ್ಕೆ ಕಾರಣವು. ಈ ಪದ್ಧತಿಯು ಒಳ್ಳೆಯದೆಂದೇ ನನ್ನ ಅಭಿಪ್ರಾಯ. ಆದರೆ ನಮ್ಮ ಸಮಾಜವೆಲ್ಲವೂ ಒಟ್ಟಾಗಿ ಕಕ್ಷಿಗಾರನಾಗಿದ್ದು, ಜಯವನ್ನೂ ಪಡೆದ ವ್ಯಾಜ್ಯವೊಂದಿದೆ. ಅದನ್ನು ನಡೆಯಿಸಿದವರು ವಿಜಾಪುರದ ವಕೀಲರಾದ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು. ಅವರಿಗೆ ಸಂದುದೆಷ್ಟು, ಸಲ್ಲದೆ ಉಳಿದುದೆಷ್ಟು ಎಂಬುದನ್ನು ತಿಳಿಯಬೇಕಾದರೆ ಅವರ ಚರಿತ್ರವನ್ನು ಕೊಂಚ ನೋಡಬೇಕು.

ಹಳಕಟ್ಟಿಯವರು 1880ನೆಯ ಇಸವಿ ಜುಲೈ 2ರಂದು ಧಾರವಾಡದಲ್ಲಿ ಜನಿಸಿದರು. ತಂದೆ ಗುರುಬಸಪ್ಪನವರು ಉಪಾಧ್ಯಾಯರು, ತಾವೂ ಬರೆಹಗಾರರು. ತಾಯಿಯ ಲಾಲನೆಯು ಇವರಿಗೆ ಬಹುಕಾಲ ದೊರೆಯಲಿಲ್ಲ. ಧಾರವಾಡದ ವಿದ್ಯಾಭ್ಯಾಸವು ಮುಗಿದ ಮೇಲೆ ಮುಂಬಯಿಗೆ ತೆರಳಿ, ಸೇಂಟ್ ಝೇವಿಯರ್ ಕಾಲೇಜಿನಲ್ಲಿ ಓದಿ, ಬಿ.ಎ. ಪದವಿಯನ್ನೂ 1904ರಲ್ಲಿ ಎಲ್‌ಎಲ್.ಬಿ. ಪದವಿಯನ್ನೂ ಪಡೆದರು. ಗುಜರಾತಿ, ಮರಾಠಿ ಜನರು ತಮ್ಮ ನುಡಿಯ ಏಳಿಗೆಗಾಗಿ ಪಡುತ್ತಿದ್ದ ಪ್ರಯಾಸವನ್ನು ಆ ಮಹಾನಗರದಲ್ಲಿ ಕಂಡ ತರುಣನಿಗೆ ತನ್ನ ನಾಡಿನ ಸ್ಥಿತಿಯು ನೆನಪಾಗದೆ ಇರಲಿಲ್ಲ. ಸ್ವಲ್ಪ ಕಾಲ ಬೆಳಗಾವಿಯಲ್ಲಿ ವಕೀಲಿಯನ್ನು ನಡೆಯಿಸಿ, ಬಳಿಕ ವಿಜಾಪುರಕ್ಕೆ ಬಂದು ನೆಲೆಸಿದರು. ಮುಂದೆ ಅಲ್ಲಿಯೇ ಸರಕಾರಿ ವಕೀಲರೂ ಆದರು. ಅಂಥ ಸ್ಥಾನದಲ್ಲಿದ್ದವರು ಹೊಲಮನೆಗಳನ್ನು ಸಂಪಾದಿಸಿಕೊಂಡು ಸುಖವಾಗಿರುವುದು ಲೋಕರೂಢಿ.

ವಿಜಾಪುರ ಸೀಮೆಯು ಬರಗಾಲದ ಸೀಮೆ. ವಿದ್ಯೆಯೂ ಅಲ್ಲಿ ಮಳೆಯಷ್ಟೇ ದುರ್ಲಭವಾಗಿದ್ದಿತು. 1910ರಲ್ಲಿ ಬಿ.ಎಲ್.ಡಿ.ಇ. ಎಂದು ಪ್ರಸಿದ್ಧವಾದ ವಿದ್ಯಾವರ್ಧಕ ಸಂಸ್ಥೆಯೂ, 1912ರಲ್ಲಿ ಸಿದ್ಧೇಶ್ವರ ಬ್ಯಾಂಕೂ ಇವರ ಪ್ರಯತ್ನದಿಂದ ತಲೆಯೆತ್ತಿದವು. ಇವಷ್ಟನ್ನೇ ಮಾಡಿ ಹೋಗಿದ್ದರೂ ಆ ಜಿಲ್ಲೆಯು ಅವರನ್ನು ಮರೆಯುತ್ತಿರಲಿಲ್ಲ. ಆದರೆ ನಾನು ಹೇಳಹೊರಟ ವ್ಯಾಜ್ಯವು ಬೇರೆ.

ರಬಕವಿಯ ಗೃಹಸ್ಥರೊಬ್ಬರ ಮನೆಯಲ್ಲಿ ಶರಣರ ವಚನಗಳ ಓಲೆಗರಿಗಳನ್ನು ನೋಡುವ ಪ್ರಸಂಗವು ಹಳಕಟ್ಟಿಯವರಿಗೆ ಒದಗಿತು. ಆ ಕಾಲದಲ್ಲಿ ಇಂಥ ಕಟ್ಟುಗಳು ಮಠಗಳಲ್ಲಿಯೂ ಮನೆಗಳಲ್ಲಿಯೂ ವಸ್ತ್ರದಲ್ಲಿ ಸುತ್ತಿಡಲ್ಪಟ್ಟು ವಿಭೂತಿ ಪತ್ರೆಗಳಿಂದ ಪೂಜೆಗೊಳ್ಳುತ್ತಿದ್ದವು. ಓದುವವರು ಮಾತ್ರ ಕಡಮೆ. ಗೆದ್ದಲು ತಿಂದು ಹೋದುವುಗಳಿಗೆ ಲೆಕ್ಕವಿಲ್ಲ. ಸಾಹಿತ್ಯವೆಂದರೆ ಚಂಪುವೂ ಷಟ್ಪದಿಯೂ ಎಂದು ತಿಳಿದಿದ್ದ ಪಂಡಿತವರ್ಗಕ್ಕೆ, ಮಡಿವಾಳನೂ ಅಂಬಿಗನೂ ಸೂಳೆಯಾಗಿದ್ದ ಸಂಕವ್ವೆಯೂ ಆಡಿದ ಮಾತು ವಾಙ್ಮಯವಾಗಬಲ್ಲುದೆಂಬ ಎಣಿಕೆಯೇ ಬಹುಮಟ್ಟಿಗೆ ಇರಲಿಲ್ಲ. ನಮ್ಮಲ್ಲಿಯೇ ಅನೇಕರು ಶರಣರ ಹೆಸರುಗಳನ್ನು ಪುರಾಣಪಾತ್ರಗಳಂತೆ ತಿಳಿದಿದ್ದರು. ಕನ್ನಡ ನಾಡಿನ ಮುಂದೆ ಶರಣರ ಹಕ್ಕನ್ನು ಸ್ಥಾಪಿಸಬೇಕಾಗಿದ್ದಿತು. ಹಕ್ಕು ಎಷ್ಟೇ ನಿಜವಾಗಿದ್ದರೂ ದಾಖಲೆಯಿಲ್ಲದೆ ನಿಲ್ಲದೆಂಬುದನ್ನು ವಕೀಲರಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಅಂದಿನಿಂದ ನ್ಯಾಯಾಲಯದ ಕೆಲಸದಿಂದ ಬಿಡುವಾದ ವೇಳೆಯೆಲ್ಲವೂ ಓಲೆಗರಿಗಳ ಶೋಧನೆಗೆ ಮೀಸಲಾಯಿತು. ಊರೂರು ತಿರುಗಿ ಪ್ರತಿಗಳನ್ನು ಕೂಡಿಸಿದರು. ಒಂದೇ ವಚನವು ಒಂದು ಪ್ರತಿಯಲ್ಲಿ ಒಂದು ಬಗೆಯಾಗಿಯೂ ಮತ್ತೊಂದರಲ್ಲಿ ಬೇರೊಂದು ಬಗೆಯಾಗಿಯೂ ಇರುವುದು. ಲಿಪಿಕಾರನ ಕೈತಪ್ಪಿನಿಂದ ಅಂಕಿತವೇ ಅದಲುಬದಲಾಗಿರುವುದು. ಅವುಗಳನ್ನು ಹೋಲಿಸಿ, ಇದು ಇಂಥವರದೆಂದು ನಿರ್ಣಯಿಸಿ, ಷಟ್‌ಸ್ಥಲದ ಕ್ರಮವನ್ನರಿತು ಜೋಡಿಸುವುದು ಎಷ್ಟು ಕ್ಲೇಶದ ಕಾರ್ಯವೆಂಬುದು ಓಲೆಯನ್ನು ಕೈಯಲ್ಲಿ ಹಿಡಿದವರಿಗೇ ಗೊತ್ತು. ಪಾಠಶಾಲೆಯಲ್ಲಿ ವ್ಯಾಕರಣ ತರ್ಕಗಳನ್ನು ಓದಿದ ನಮ್ಮಂಥವರು ಮಾಡಬೇಕಾಗಿದ್ದ ಕೆಲಸವನ್ನು ಇಂಗ್ಲಿಷ್ ಕಾಯಿದೆಯನ್ನು ಓದಿದವರು ಮಾಡಿದರು. ಐವತ್ತರಷ್ಟು ವಚನಕಾರರ ಹೆಸರು ಮಾತ್ರ ತಿಳಿದಿದ್ದ ನಾಡಿಗೆ ಇನ್ನೂರಕ್ಕೂ ಮೇಲ್ಪಟ್ಟ ಶರಣಶರಣೆಯರ ಪರಿಚಯವಾದುದು ಇವರ ಈ ಪರಿಶ್ರಮದಿಂದ.

ಸಿದ್ಧವಾದ ಹಸ್ತಪ್ರತಿಯನ್ನು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯಕ್ಕೆ ಕಳುಹಿಸಿದರೆ ಅದು ಅಚ್ಚಾಗದೆ ಹಿಂದಿರುಗಿತು. ಅದರಲ್ಲಿದ್ದ ತತ್ತ್ವದ ಔನ್ನತ್ಯವು ತಮ್ಮ ಮತಪ್ರಚಾರಕ್ಕೆ ಅಡ್ಡಿಯಾದೀತೆಂದು ಅವರು ಶಂಕಿಸಿದರೆಂಬುದು ಹಿರಿಯರಿಂದ ಕೇಳಿಬಂದ ಮಾತು. ಕಡೆಗೆ ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ ಅಚ್ಚಾಗಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲನೆಯ ಭಾಗವು ಹೊರಬಂದಿತು. ದಾವೆಯು ಅಂದೇ ಮುಕ್ಕಾಲು ಪಾಲು ಗೆದ್ದಂತಾಯಿತು.

ಪರರ ಅಚ್ಚುಕೂಟಗಳನ್ನು ನಂಬಿ ಈ ಕಾರ್ಯವು ಸಾಗದೆಂದು ಕಂಡುಕೊಂಡು, 1925ರಲ್ಲಿ ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. ಅದಕ್ಕೆ ಬೇಕಾದ ಹಣವು ಬಂದುದು ಸ್ವಂತ ಮನೆಯನ್ನು ಮಾರಿ. ಕಕ್ಷಿಗಾರರು ತಮ್ಮ ಮನೆಮಠಗಳನ್ನು ಉಳಿಸಿಕೊಂಡುದಕ್ಕಾಗಿ ಕೊಟ್ಟ ಶುಲ್ಕದಿಂದ ಕಟ್ಟಿದ ಸಂಸಾರವು ಹೀಗೆ ಬಾಡಿಗೆಯ ಮನೆಗೆ ಬಂದಿತು. 1926ರಲ್ಲಿ ಶಿವಾನುಭವ ಪತ್ರಿಕೆಯೂ, 1927ರಲ್ಲಿ ನವಕರ್ನಾಟಕ ವಾರಪತ್ರಿಕೆಯೂ ಆರಂಭವಾಗಿ ಮೂರು ದಶಕಗಳಿಗೂ ಮೇಲ್ಪಟ್ಟು ನಡೆದವು. ಹರಿಹರನ ರಗಳೆಗಳು ಬೆಳಕು ಕಂಡುದೂ ಇವರ ಕೈಯಿಂದಲೇ. ಪತ್ರಿಕೆ, ಪುಸ್ತಕ, ಸಾಲ, ಮತ್ತೆ ಪುಸ್ತಕ, ಇದೇ ಅವರ ಜೀವಿತದ ಉಳಿದ ಕಥೆ. ಹಳೆಯ ಕೋಟು ತೊಟ್ಟು ಸೈಕಲ್ಲಿನ ಮೇಲೆ ಊರಿನಲ್ಲಿ ಓಡಾಡುತ್ತಿದ್ದ ಆ ವೃದ್ಧರನ್ನು ನೋಡಿದವರು, ಇವರೇ ಹಿಂದೆ ಸರಕಾರಿ ವಕೀಲರಾಗಿದ್ದವರೆಂದು ಊಹಿಸುವುದೂ ಕಷ್ಟವಾಗಿದ್ದಿತು.

ಅವರಿಗೆ ಗೌರವವು ಸಲ್ಲಲಿಲ್ಲವೆಂದು ಹೇಳಿದರೆ ಅನ್ಯಾಯವಾದೀತು. ಆಂಗ್ಲ ಸರಕಾರವು ರಾವಬಹದ್ದೂರ ಬಿರುದನ್ನಿತ್ತಿತು. 1926ರಲ್ಲಿ ಬಳ್ಳಾರಿಯ ಸಾಹಿತ್ಯ ಸಮ್ಮೇಳನವು ಅಧ್ಯಕ್ಷಪೀಠದಲ್ಲಿ ಕುಳ್ಳಿರಿಸಿತು. 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಗೌರವ ಡಾಕ್ಟರೇಟ್ ಪದವಿಯನ್ನು ಕೊಟ್ಟಿತು. ಆಗ ಅವರಿಗೆ ಎಪ್ಪತ್ತಾರು ವರ್ಷ. ಇವೆಲ್ಲಕ್ಕಿಂತ ನನ್ನ ಮನಸ್ಸಿಗೆ ಹಿಡಿಸುವುದು ಆಚಾರ್ಯ ಬಿ. ಎಂ. ಶ್ರೀಕಂಠಯ್ಯನವರು ಸಲ್ಲಿಸಿದ ಮರ್ಯಾದೆ. ಅವರು ವಿಜಾಪುರಕ್ಕೆ ಬಂದಾಗ, ಜಗತ್ಪ್ರಸಿದ್ಧವಾದ ಗೋಲಗುಮ್ಮಟವನ್ನು ಮೊದಲು ತೋರಿಸಲು ಊರವರು ಅಣಿಯಾಗಿದ್ದರಂತೆ. ಶ್ರೀಯವರು ಅದನ್ನು ಆಮೇಲೆ ನೋಡೋಣವೆಂದು ಹೇಳಿ, ಹಳಕಟ್ಟಿಯವರನ್ನೇ ವಚನಗಳ ಗುಮ್ಮಟವೆಂದು ಕರೆದು, ಮೊದಲು ಅವರ ದರ್ಶನಕ್ಕೆ ನಡೆದರು. ಶ್ರೀಯವರು ಬೇರೆ ಸಂಪ್ರದಾಯದವರು. ಶರಣರ ಪರವಾದ ತೀರ್ಪಿನಿಂದ ಅವರಿಗೆ ಒದಗುವ ಸ್ವಂತದ ಲಾಭವೇನೂ ಇರಲಿಲ್ಲ. ಪಕ್ಷಪಾತವಿಲ್ಲದ ಪಂಡಿತರೇ ಎದ್ದು ಬಾಗಿಲಿಗೆ ಬಂದರೆಂಬುದಕ್ಕಿಂತ ವಕೀಲರಿಗೆ ಬೇರೆ ಯಾವ ಜಯಪತ್ರವು ಬೇಕು?

ಆದರೆ ಲಾಭವನ್ನು ಪಡೆದವರು ನಾವು. ಪಲ್ಲಕ್ಕಿಗೆ ಬೆಳ್ಳಿಯ ತಗಡನ್ನು ಹೊದಿಸುವುದಕ್ಕೆ ದಾನಿಗಳಿಗೆ ಕೊರತೆಯಿಲ್ಲದ ಸಮಾಜದಲ್ಲಿ, ಬಸವಾದಿ ಪ್ರಮಥರ ಮಾತುಗಳನ್ನು ಅಚ್ಚುಹಾಕಿಸುವುದಕ್ಕಾಗಿ ಒಬ್ಬ ಗೃಹಸ್ಥನು ತಲೆಯ ಮೇಲಿನ ಸೂರನ್ನು ಮಾರಬೇಕಾಯಿತು. ಮಠದ ಸಂಚಿಕೆಯಲ್ಲಿ ಇದನ್ನು ಬರೆಯಬಾರದೆಂದು ಕೆಲವರು ಹೇಳಬಹುದು. ಮಠದ ಸಂಚಿಕೆಯಲ್ಲಿಯೇ ಬರೆಯಬೇಕೆಂದು ನನಗೆ ತೋರುತ್ತದೆ. ಕಕ್ಷಿಗಾರನು ಜಯವನ್ನು ಮನೆಗೆ ಕೊಂಡೊಯ್ದನು. ದಾವೆಯ ಖರ್ಚು ವಕೀಲರ ಮೇಲೆಯೇ ಬಿದ್ದಿತು.

1964ನೆಯ ಇಸವಿ ಜೂನ್ 29ರಂದು ಹಳಕಟ್ಟಿಯವರು ಲಿಂಗೈಕ್ಯರಾದರು. ಎಂಬತ್ತನಾಲ್ಕು ವರ್ಷಗಳು ತುಂಬುವುದಕ್ಕೆ ಮೂರು ದಿವಸಗಳು ಉಳಿದಿದ್ದವು. ಅವರು ಕಟ್ಟಿದ ವಿದ್ಯಾಸಂಸ್ಥೆಯು ಈಗ ವಿಜಯಪುರವೆನಿಸಿರುವ ಅದೇ ಊರಿನಲ್ಲಿ ತನ್ನ ಇಂಜಿನಿಯರಿಂಗ್ ಕಾಲೇಜಿಗೆ ಅವರ ಹೆಸರನ್ನಿಟ್ಟಿದೆ. 1993ರಲ್ಲಿ ಸರ್ಕಾರವು ಸಮಗ್ರ ವಚನ ಸಂಪುಟಗಳನ್ನು 15 ಭಾಗಗಳಲ್ಲಿ ಪ್ರಕಟಿಸಿತು. ಜಯನಗರ, ಬನಶಂಕರಿಗಳ ಭಕ್ತರ ಮನೆಗಳಲ್ಲಿ ಪ್ರಾತಃಕಾಲದ ಲಿಂಗಪೂಜೆಯ ತರುವಾಯ ಮಕ್ಕಳು ಓದುವ ವಚನಗಳು ಓಲೆಯಿಂದ ಕಾಗದಕ್ಕೆ ಇಳಿದು ಬಂದುದು ಆ ವಕೀಲರ ಮುದ್ರಣಾಲಯದ ಮಾರ್ಗವಾಗಿ.