ಸನ್ನಿ ಟೆರ್ರಿ: ಕಿವಿಯಿಂದ ಕಲಿತ ಮೌತ್ ಆರ್ಗನ್

ಮೌತ್ ಆರ್ಗನ್ ಕಲಿಸುವವರಿಗೆ ಒಂದು ತೊಡಕಿದೆ. ಹಾರ್ಮೋನಿಯಂ ಆದರೆ ಬೆರಳಿಟ್ಟು ತೋರಿಸಬಹುದು, ತಬಲಾ ಆದರೆ ಅಂಗೈ ತೋರಿಸಬಹುದು. ಇಲ್ಲಿ ನಾಲಗೆ, ಗಂಟಲು, ಉಸಿರು ಎಲ್ಲವೂ ಒಳಗೇ ಕೆಲಸ ಮಾಡುತ್ತವೆ. ಕಣ್ಣಿದ್ದ ವಿದ್ಯಾರ್ಥಿಗೂ ಏನೂ ಕಾಣುವುದಿಲ್ಲ. ಸನ್ನಿ ಟೆರ್ರಿಯವರ ಜೀವನವನ್ನು ಓದುವ ಪ್ರಶಿಕ್ಷಣಾರ್ಥಿಗಳು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಅವರು ಹುಟ್ಟಿದ್ದು 1911ರಲ್ಲಿ, ಅಮೆರಿಕದ ಜಾರ್ಜಿಯಾ ರಾಜ್ಯದ ಕಪ್ಪು ಜನಾಂಗದ ರೈತ ಕುಟುಂಬದಲ್ಲಿ. ಹುಟ್ಟುಹೆಸರು ಸಾಂಡರ್ಸ್ ಟೆರೆಲ್. ತಂದೆ ಊರಿನ ಕುಣಿತಗಳಲ್ಲಿ ಮೌತ್ ಆರ್ಗನ್ ನುಡಿಸುತ್ತಿದ್ದರು; ಮಗನಿಗೆ ಮೊದಲ ಪಾಠ ಅವರದೇ. ಬೆಳೆಯುವ ವಯಸ್ಸಿನಲ್ಲಿ ನಡೆದ ಎರಡು ಅಪಘಾತಗಳಲ್ಲಿ ಒಂದಾದ ಮೇಲೊಂದು ಕಣ್ಣು ಹೋಯಿತು. ಹೊಲದ ಕೆಲಸ ಅಸಾಧ್ಯವಾಯಿತು. ಹೊಟ್ಟೆಪಾಡಿಗೆ ಉಳಿದದ್ದು ಜೇಬಿನಲ್ಲಿ ಹಿಡಿಸುವ ಆ ವಾದ್ಯವೊಂದೇ.

ಅದರಲ್ಲಿರುವುದು ಹತ್ತು ರಂಧ್ರ, ಇಪ್ಪತ್ತು ರೀಡು. ಪ್ರತಿ ರಂಧ್ರದಲ್ಲೂ ಊದಿದರೆ ಒಂದು ಸ್ವರ, ಉಸಿರೆಳೆದರೆ ಇನ್ನೊಂದು. ಟೆರ್ರಿಯವರ ಶೈಲಿಯ ಜೀವ ಇರುವುದು ಎಳೆಯುವ ಸ್ವರಗಳಲ್ಲಿ. ವಾದ್ಯದ ಪಂಚಮವನ್ನೇ ಷಡ್ಜವಾಗಿ ಹಿಡಿದು ನುಡಿಸುವ ಕ್ರಮವಿದು. ನಮ್ಮ ಶ್ರುತಿಭೇದ ಬಲ್ಲವರಿಗೆ ಬೇಗ ಅರ್ಥವಾದೀತು. ಬಾಯೊಳಗಿನ ಆಕಾರವನ್ನು ಬದಲಿಸುತ್ತ ಉಸಿರೆಳೆದರೆ ಸ್ವರ ಕೆಳಕ್ಕೆ ಬಾಗುತ್ತದೆ. ಹೀಗೆ ರೈಲು ಓಡುವ ಸದ್ದನ್ನೂ ನರಿಯ ಬೆನ್ನಟ್ಟಿದ ಬೇಟೆನಾಯಿಗಳ ಬೊಗಳುವಿಕೆಯನ್ನೂ ಅವರು ಆ ಪುಟ್ಟ ಪೆಟ್ಟಿಗೆಯಿಂದ ಹೊರಡಿಸುತ್ತಿದ್ದರು. ನಡುನಡುವೆ ಬಾಯಿ ತೆಗೆದು ಕೂಗು ಹಾಕಿದರೆ, ಕೂಗು ಎಲ್ಲಿ ಮುಗಿಯಿತು, ವಾದ್ಯ ಎಲ್ಲಿ ಶುರುವಾಯಿತು ಎಂದು ತಿಳಿಯುವುದೇ ಕಷ್ಟ. ಇದನ್ನು ಪಾಠಯೋಜನೆಯಲ್ಲಿ ಬರಿಯ ‘ಅನುಕರಣೆ’ ಎಂದು ಬರೆದು ಮುಗಿಸುವಂತಿಲ್ಲ. ಎಷ್ಟು ದಿನ ಕಿವಿಗೊಟ್ಟು ಕೇಳಿದರೆ ಆ ಸದ್ದು ಉಸಿರಿಗೆ ಇಳಿದೀತು!

ಉತ್ತರ ಕೆರೊಲಿನಾದ ಡರ್ಹಮ್ ಆಗ ಹೊಗೆಸೊಪ್ಪಿನ ಊರಾಗಿತ್ತು. ಅಲ್ಲಿ ಕೆಲಸಗಾರರು ಸೇರುವ ಬೀದಿಗಳಲ್ಲಿ ಟೆರ್ರಿ, ತಮ್ಮಂತೆಯೇ ಕಣ್ಣಿಲ್ಲದ ಗಿಟಾರ್ ವಾದಕ ಬ್ಲೈಂಡ್ ಬಾಯ್ ಫುಲ್ಲರ್ ಅವರೊಂದಿಗೆ ನುಡಿಸಿದರು. 1938ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನ ವೇದಿಕೆ ಸಿಕ್ಕಿತು. 1941ರಲ್ಲಿ ಫುಲ್ಲರ್ ತೀರಿಕೊಂಡ ಮೇಲೆ ಬ್ರೌನಿ ಮೆಗೀ ಜೊತೆಯಾದರು. ಪೋಲಿಯೊದಿಂದ ಕುಂಟುತ್ತಿದ್ದ ಮೆಗೀ, ಕಣ್ಣಿಲ್ಲದ ಟೆರ್ರಿ ಇಬ್ಬರೂ ಮೂವತ್ತಕ್ಕೂ ಹೆಚ್ಚು ವರ್ಷ ದೇಶ ವಿದೇಶ ಸುತ್ತಿದರು. ಕೊನೆಕೊನೆಗೆ ಮನಸ್ತಾಪ ಬೆಳೆದು ಬೇರೆಯಾದರು ಎಂಬುದನ್ನೂ ಹೇಳಬೇಕು. ಮಹನೀಯರ ಪಾಠಗಳಲ್ಲಿ ನಾವು ಇಂಥದ್ದನ್ನು ಬಿಟ್ಟುಬಿಡುತ್ತೇವೆ.

ತಮ್ಮ ವಾದನಕ್ರಮವನ್ನು ಟೆರ್ರಿ ಬಾಯಲ್ಲಿ ಹೇಳಿದರು, ಇನ್ನೊಬ್ಬರು ಬರೆದುಕೊಂಡರು. ಅದು 1975ರಲ್ಲಿ ಪುಸ್ತಕವಾಯಿತು. 1982ರಲ್ಲಿ ಜಾನಪದ ಕಲಾವಿದರಿಗೆ ಸಲ್ಲುವ ಅಮೆರಿಕದ ರಾಷ್ಟ್ರೀಯ ಗೌರವ ದೊರೆಯಿತು. 1986ರ ಮಾರ್ಚ್‌ನಲ್ಲಿ ಅವರು ತೀರಿಕೊಂಡರು.