ಚಾರ್ಲ್ಸ್ ಡಾರ್ವಿನನೂ ಹಕ್ಕಿಗಳ ಅಂಜಿಕೆಯೂ

ಮಧ್ಯಾಹ್ನದ ಬಿಡುವಿನಲ್ಲಿ ಬುತ್ತಿಯನ್ನು ಬಿಚ್ಚಿ ಕುಳಿತ ಬಾಲಿಕೆಯರ ಸುತ್ತಲೂ ಕಾಗೆಗಳು ನೆರೆಯುವುದನ್ನು ನಾವೆಲ್ಲರೂ ಕಂಡವರೇ. ಎರಡು ಮಾರು ದೂರದಲ್ಲಿ ನಿಶ್ಚಿಂತೆಯಿಂದ ಕುಳಿತಿರುವ ಆ ಪಕ್ಷಿಯು, ಯಾರಾದರೊಬ್ಬರು ಕಲ್ಲನ್ನೆತ್ತುವವರಂತೆ ನೆಲಕ್ಕೆ ಬಾಗಿದೊಡನೆ ಹಾರಿಹೋಗುತ್ತದೆ. ಬಾಗಿದವರು ಅದನ್ನು ಎಂದೂ ಹೊಡೆದವರಲ್ಲ. ಆದರೂ ಅದು ಅಂಜುತ್ತದೆ. ಈ ಅಂಜಿಕೆಯನ್ನು ಅದಕ್ಕೆ ಕಲಿಸಿದವರಾರು? ಅಲ್ಪವೆಂದು ತೋರುವ ಈ ಪ್ರಶ್ನೆಯನ್ನು ಅಲ್ಪವೆಂದೆಣಿಸದೆ ಬಹುಕಾಲ ಮನಸ್ಸಿನಲ್ಲಿಟ್ಟುಕೊಂಡಿದ್ದ ಒಬ್ಬ ಮಹನೀಯನ ಚರಿತ್ರೆಯನ್ನು, ಅದರಲ್ಲಿಯೂ ಬೇಟೆಯ ಹಕ್ಕಿಗಳಿಗೂ ಆತನಿಗೂ ಇದ್ದ ಸಂಬಂಧವನ್ನು, ನಮ್ಮ ಹಳೆಯ ವಿದ್ಯಾರ್ಥಿನಿಯರ ಮತ್ತು ತಾಯಿತಂದೆಗಳ ಮುಂದೆ ಸಂಗ್ರಹವಾಗಿ ಇಡಬಯಸುತ್ತೇವೆ.

ಚಾರ್ಲ್ಸ್ ಡಾರ್ವಿನನು 1809ನೆಯ ಇಸವಿ ಫೆಬ್ರವರಿ 12ರಂದು ಇಂಗ್ಲೆಂಡಿನ ಶ್ರೂಸ್‌ಬರಿ ಪಟ್ಟಣದಲ್ಲಿ ಜನಿಸಿದನು. ತಂದೆಯು ಹೆಸರಾಂತ ವೈದ್ಯನಾಗಿದ್ದನು. ಎಂಟು ವರ್ಷದವನಾಗಿದ್ದಾಗಲೇ ಬಾಲಕನಿಗೆ ಮಾತೃವಿಯೋಗವಾಯಿತು. ಅಕ್ಕಂದಿರ ಆರೈಕೆಯಲ್ಲಿ ಬೆಳೆದನು. ವೈದ್ಯವಿದ್ಯೆಯನ್ನು ಕಲಿಯಲೆಂದು 1825ರಲ್ಲಿ ಎಡಿನ್‌ಬರೋ ನಗರಕ್ಕೆ ಕಳುಹಿಸಲ್ಪಟ್ಟನಾದರೂ ಶಸ್ತ್ರಚಿಕಿತ್ಸೆಯ ನೋಟವನ್ನು ಸಹಿಸಲಾರದೆ ಹಿಂದಿರುಗಿದನು. ಬಳಿಕ 1828ರಲ್ಲಿ, ಸಭಾಪಾಲಕನಾಗಲೆಂಬ ತಂದೆಯ ಇಚ್ಛೆಯಂತೆ, ಕೇಂಬ್ರಿಜಿನ ಕ್ರೈಸ್ಟ್ಸ್ ಕಾಲೇಜನ್ನು ಸೇರಿದನು.

ಆದರೆ ಆ ಯುವಕನ ಹೃದಯವು ಪುಸ್ತಕದಲ್ಲಿರಲಿಲ್ಲ, ಕೋವಿಯಲ್ಲಿತ್ತು. ಮೊದಲನೆಯ ಸಲ ಸ್ನೈಪ್ ಎಂಬ ಜವುಗುಹಕ್ಕಿಯೊಂದನ್ನು ಹೊಡೆದು ಕೆಡವಿದಾಗ ಸಂಭ್ರಮದಿಂದ ಆತನ ಕೈಗಳು ನಡುಗಿ, ಮರಳಿ ಮದ್ದು ತುಂಬುವುದೇ ಕಷ್ಟವಾಯಿತಂತೆ. ಸೋದರಮಾವನ ಊರಾದ ಮೇರ್ ಎಂಬಲ್ಲಿ ಬೇಟೆಗೆ ಹೋಗುವ ಕಾಲದಲ್ಲಿ, ಬೆಳಗ್ಗೆ ಅರ್ಧ ನಿಮಿಷವೂ ವ್ಯರ್ಥವಾಗಬಾರದೆಂದು ಬೂಟುಗಳನ್ನು ಬಾಯಿ ತೆರೆದು ಹಾಸಿಗೆಯ ಪಕ್ಕದಲ್ಲಿಯೇ ಇಟ್ಟುಕೊಂಡು ಮಲಗುತ್ತಿದ್ದನು. ಕೆಡವಿದ ಹಕ್ಕಿಗಳ ಲೆಕ್ಕಕ್ಕಾಗಿ ಅಂಗಿಯ ಗುಂಡಿಯ ಕಾಜಕ್ಕೆ ಒಂದು ದಾರವನ್ನು ಕಟ್ಟಿ, ಹಕ್ಕಿಗೊಂದರಂತೆ ಗಂಟು ಹಾಕುತ್ತಿದ್ದನು. ಮಗನಿಗೆ ಕೋವಿ, ನಾಯಿ, ಇಲಿ ಹಿಡಿಯುವುದು ಇವುಗಳ ಹೊರತು ಬೇರೇನೂ ಬೇಡವಾಯಿತೆಂದೂ, ಇವನಿಂದ ಮನೆತನಕ್ಕೆ ಅವಮಾನವಾಗುವುದೆಂದೂ ತಂದೆಯು ಒಮ್ಮೆ ಕಟುವಾಗಿ ಗದರಿಸಿದನು.

ಆ ದಿನಗಳಲ್ಲಿಯೇ ಒಂದು ಸಂಗತಿ ನಡೆಯಿತೆಂದು ಆತನ ಸಹಪಾಠಿಯೊಬ್ಬನು ಮುಂದೆ ನೆನೆದಿದ್ದಾನೆ. ವುಡ್‌ಹೌಸ್ ಎಂಬಲ್ಲಿ ಎರಡು ದಿನ ಬೇಟೆ ನಡೆದಿತ್ತು. ಎರಡನೆಯ ದಿನ, ಹಿಂದಿನ ದಿನ ಸುತ್ತಿದ ನೆಲದಲ್ಲಿಯೇ ನಡೆಯುತ್ತಿರುವಾಗ, ನಿನ್ನೆಯ ಈಡಿನಿಂದ ಗಾಯಗೊಂಡು ಇನ್ನೂ ಸಾಯದೆ ನರಳುತ್ತಿದ್ದ ಹಕ್ಕಿಯೊಂದು ಡಾರ್ವಿನನ ಕೈಗೆ ಸಿಕ್ಕಿತು. ಇಂತಹ ಯಾತನೆಯನ್ನುಂಟುಮಾಡುವ ವಿನೋದದಲ್ಲಿ ಸಂತೋಷಪಡಲು ತನ್ನ ಮನಸ್ಸಾಕ್ಷಿಯು ಒಪ್ಪದೆಂದು ಆತನು ಗೆಳೆಯನಿಗೆ ತಿಳಿಸಿದನು. ಕೋವಿಯು ಕೈಯಿಂದ ಆ ಕ್ಷಣವೇ ಜಾರಲಿಲ್ಲವೆಂಬುದು ನಿಜ. ಆದರೆ ಮನಸ್ಸಿನಲ್ಲಿ ಮುಳ್ಳೊಂದು ಮುರಿದು ಉಳಿಯಿತು.

1831ರ ಡಿಸೆಂಬರ್ 27ರಂದು ಡಾರ್ವಿನನು ಬೀಗಲ್ ಎಂಬ ಹಡಗಿನಲ್ಲಿ ಪ್ರಕೃತಿಶಾಸ್ತ್ರಜ್ಞನಾಗಿ ಹೊರಟನು. ಆಗ ಆತನ ವಯಸ್ಸು 22. ಮೊದಲ ಎರಡು ವರ್ಷ ಹಳೆಯ ಬೇಟೆಯ ಹುಚ್ಚು ಉಳಿದೇ ಇತ್ತು. ಸಂಗ್ರಹಕ್ಕೆ ಬೇಕಾದ ಹಕ್ಕಿಗಳನ್ನೆಲ್ಲ ತಾನೇ ಹೊಡೆಯುತ್ತಿದ್ದನು. ಬರಬರುತ್ತ ಗುರಿಯಿಡುವುದಕ್ಕಿಂತ ನೋಡಿ ಯೋಚಿಸುವುದರಲ್ಲಿ ಹೆಚ್ಚಿನ ಆನಂದವುಂಟೆಂದು ಕಂಡು, ಕೋವಿಯನ್ನು ತನ್ನ ಸೇವಕನ ಕೈಗೆ ಒಪ್ಪಿಸಿದನು.

ಹಾಗೆ ನೋಡಿದುದರಲ್ಲಿ ಒಂದು ಸಂಗತಿಯು ಹಳೆಯ ಬೇಟೆಗಾರನನ್ನು ಬೆರಗುಗೊಳಿಸಿತು. ದಕ್ಷಿಣ ಅಮೆರಿಕದ ತುದಿಯಲ್ಲಿರುವ ಟಿಯೆರಾ ಡೆಲ್ ಫ್ಯುಯೇಗೋ ಸೀಮೆಯಲ್ಲಿಯೂ, ಅದರ ಪೂರ್ವಕ್ಕಿರುವ ಫಾಕ್‌ಲೆಂಡ್ ದ್ವೀಪಗಳಲ್ಲಿಯೂ ಒಂದೇ ಜಾತಿಯ ಕಾಡು ಹೆಬ್ಬಾತು ವಾಸಿಸುತ್ತದೆ. ಮೊದಲನೆಯ ಸೀಮೆಯಲ್ಲಿ ಅದನ್ನು ಹೊಡೆಯುವುದು ಇಂಗ್ಲೆಂಡಿನ ಕಾಡು ಹೆಬ್ಬಾತನ್ನು ಹೊಡೆಯುವಷ್ಟೇ ಕಠಿನ; ಎರಡನೆಯದರಲ್ಲಿಯೋ, ಒಬ್ಬ ಬೇಟೆಗಾರನು ಮನೆಗೆ ಹೊರಲಾರದಷ್ಟು ಹೆಬ್ಬಾತುಗಳನ್ನು ಒಂದೇ ದಿನದಲ್ಲಿ ಕೆಡವಬಹುದಾಗಿತ್ತು. ಟಿಯೆರಾ ಡೆಲ್ ಫ್ಯುಯೇಗೋದಲ್ಲಿ ಅಲ್ಲಿಯ ಮೂಲನಿವಾಸಿಗಳು ತಲೆತಲಾಂತರದಿಂದ ಅದನ್ನು ಬೇಟೆಯಾಡುತ್ತ ಬಂದಿದ್ದರು. ಫಾಕ್‌ಲೆಂಡಿಗಾದರೋ ಜನರು ಬಂದು ನೆಲೆಸಿ ಎಪ್ಪತ್ತು ವರ್ಷಗಳಷ್ಟೇ ಆಗಿದ್ದುವು. ಹಾಗೆಂದು ಫಾಕ್‌ಲೆಂಡಿನ ಹೆಬ್ಬಾತಿಗೆ ಭಯವೇ ತಿಳಿಯದೆಂದಲ್ಲ. ಅಲ್ಲಿ ನರಿಯಂತಹ ಪ್ರಾಣಿಯೂ ಗಿಡುಗಗಳೂ ಗೂಬೆಗಳೂ ಇದ್ದುವು. ಆ ನರಿಗೆ ಅಂಜಿ ಹೆಬ್ಬಾತುಗಳು ನಡುನೀರಿನ ಸಣ್ಣ ತಿಟ್ಟುಗಳಲ್ಲಿ ಗೂಡು ಕಟ್ಟುತ್ತಿದ್ದುವು. ಅಂದರೆ ಒಂದು ವೈರಿಗೆ ಅಂಜುವ ಹಕ್ಕಿಯು ಎಲ್ಲ ವೈರಿಗಳಿಗೂ ಅಂಜುವುದೆಂದೇನೂ ಇಲ್ಲ. ಮನುಷ್ಯನ ಭಯವು ಬೇರೆಯಾಗಿಯೇ ಹುಟ್ಟಿ ಬೆಳೆಯಬೇಕು.

1835ರ ಸೆಪ್ಟೆಂಬರಿನಲ್ಲಿ ಹಡಗು ಗಲಾಪಗೋಸ್ ದ್ವೀಪಗಳನ್ನು ತಲಪಿತು. ಅಲ್ಲಿ ಡಾರ್ವಿನನು ಕೋವಿಯ ಮೂತಿಯಿಂದಲೇ ಗಿಡುಗವೊಂದನ್ನು ಕೊಂಬೆಯಿಂದ ನೂಕಿದನು. ಚಾರ್ಲ್ಸ್ ದ್ವೀಪದಲ್ಲಿ ಜನವಸತಿಯಾಗಿ ಕೆಲವೇ ವರ್ಷಗಳಾಗಿದ್ದುವು. ಅಲ್ಲಿಯ ಬಾವಿಯ ಬಳಿಯಲ್ಲಿ ಹುಡುಗನೊಬ್ಬನು ಕೈಯಲ್ಲಿ ಸಣ್ಣ ಬೆತ್ತವನ್ನು ಹಿಡಿದು ಕುಳಿತಿದ್ದನು. ನೀರು ಕುಡಿಯಲು ಬರುವ ಕಾಡುಪಾರಿವಾಳಗಳನ್ನೂ ಗುಬ್ಬಿಯಂತಹ ಹಕ್ಕಿಗಳನ್ನೂ ಒಂದೊಂದಾಗಿ ಬಡಿದು, ಊಟಕ್ಕಾಗುವಷ್ಟನ್ನು ಗುಡ್ಡೆಹಾಕಿದ್ದನು. ಪ್ರತಿದಿನವೂ ಆತನ ಕೆಲಸ ಇದೇ ಆಗಿತ್ತು. ಆದರೂ ಹಕ್ಕಿಗಳು ಅದೇ ಬಾವಿಗೆ ಬರುವುದನ್ನು ಬಿಟ್ಟಿರಲಿಲ್ಲ.

ಈ ಬಾವಿಯ ದೃಶ್ಯವನ್ನೂ ಇಂಗ್ಲೆಂಡಿನ ಹೊಲಗಳನ್ನೂ ಡಾರ್ವಿನನು ಒಟ್ಟಿಗೆ ಇಟ್ಟು ತೂಗಿದನು. ಇಂಗ್ಲೆಂಡಿನಲ್ಲಿ ಮನುಷ್ಯನಿಂದ ಪೆಟ್ಟು ತಿಂದ ಮರಿಹಕ್ಕಿಗಳು ಬಹು ಕಡಿಮೆ. ಆದರೂ ಗೂಡಿನ ಮರಿಯೂ ಮನುಷ್ಯನಿಗೆ ಅಂಜುತ್ತದೆ. ಗಲಾಪಗೋಸಿನಲ್ಲಿ ಪೆಟ್ಟು ತಿಂದವು ಅನೇಕ, ಆದರೂ ಅಂಜಿಕೆಯಿಲ್ಲ. ಆದುದರಿಂದ ಈ ಭಯವು ಒಂದು ಹಕ್ಕಿಯು ಒಂದು ಜೀವಮಾನದಲ್ಲಿ ಕಲಿಯುವ ಪಾಠ ಮಾತ್ರವಲ್ಲ, ಅನೇಕ ತಲೆಮಾರುಗಳಲ್ಲಿ ಕೂಡಿ ಬಂದ ಪಿತ್ರಾರ್ಜಿತವೆಂದು ಆತನು ನಿರ್ಣಯಿಸಿದನು. ಹೊಸದೊಂದು ಹಿಂಸ್ರಪ್ರಾಣಿಯು ಒಂದು ನಾಡಿಗೆ ಬಂದರೆ, ಅಲ್ಲಿಯ ಜೀವಿಗಳು ಅದಕ್ಕೆ ಅಂಜುವುದನ್ನು ಕಲಿಯುವ ಮುನ್ನವೇ ಎಷ್ಟು ನಾಶವಾಗುವುದೋ ಎಂದು ಕಳವಳಪಟ್ಟನು. ಆ ಕಳವಳವು ಹುಸಿಯಾಗಲಿಲ್ಲ. ಫಾಕ್‌ಲೆಂಡಿನ ಆ ನರಿಯು ಸ್ವತಃ ಮನುಷ್ಯನಿಗೆ ಅಂಜುತ್ತಿರಲಿಲ್ಲ. ಒಂದು ಕೈಯಲ್ಲಿ ಮಾಂಸವನ್ನೂ ಇನ್ನೊಂದು ಕೈಯಲ್ಲಿ ಚೂರಿಯನ್ನೂ ಹಿಡಿದು ದನಗಾಹಿಗಳು ಅದನ್ನು ಕೊಲ್ಲುತ್ತಿದ್ದರು. ಅದು ಬೇಗನೆ ಅಳಿಯುವುದೆಂದು ಡಾರ್ವಿನನು ಬರೆದನು. ಆತನು ಬದುಕಿರುವಾಗಲೇ, 1876ರಲ್ಲಿ, ಅದರ ಕುಲವು ನಿರ್ಮೂಲವಾಯಿತು.

1836ರಲ್ಲಿ ಸ್ವದೇಶಕ್ಕೆ ಮರಳಿದ ಡಾರ್ವಿನನು 1839ರಲ್ಲಿ ಎಮ್ಮಾ ವೆಜ್‌ವುಡ್ ಎಂಬಾಕೆಯನ್ನು ವಿವಾಹವಾಗಿ, 1842ರಿಂದ ಡೌನ್ ಎಂಬ ಹಳ್ಳಿಯಲ್ಲಿ ನೆಲೆಸಿದನು. 1859ರಲ್ಲಿ ಪ್ರಕಟವಾದ ಜೀವಜಾತಿಗಳ ಉಗಮವನ್ನು ಕುರಿತ ಆತನ ಮಹಾಗ್ರಂಥದಲ್ಲಿ ಬೇಟೆಯ ಹಕ್ಕಿಗಳು ಅಲ್ಲಲ್ಲಿ ಕಾಣಿಸಿಕೊಳ್ಳುತ್ತವೆ. ಹೆದರ್ ಎಂಬ ಕುರುಚಲು ಗಿಡಗಳ ನಡುವೆ ಬಾಳುವ ಕೆಂಪು ಗ್ರೌಸ್ ಹಕ್ಕಿಗೆ ಆ ಗಿಡದ್ದೇ ಬಣ್ಣ. ಹಿಮದ ಬೆಟ್ಟಗಳ ಟಾರ್ಮಿಗನ್ನಿಗೆ ಚಳಿಗಾಲದಲ್ಲಿ ಬಿಳಿಯ ಬಣ್ಣ. ಕಣ್ಣಿನಿಂದ ಬೇಟೆಯನ್ನು ಹುಡುಕುವ ಗಿಡುಗಕ್ಕೆ ಎದ್ದುಕಾಣುವ ಹಕ್ಕಿಯು ಮೊದಲು ಬಲಿಯಾಗುವುದರಿಂದ, ಮರೆಯಾಗುವ ಬಣ್ಣವೇ ಉಳಿದು ಬಂದಿತೆಂದು ಆತನು ವಿವರಿಸಿದನು. ಇಂಗ್ಲೆಂಡಿನಲ್ಲಿ ಮನುಷ್ಯರು ಹೆಚ್ಚಾಗಿ ಬೆನ್ನಟ್ಟಿದ್ದು ದೊಡ್ಡ ಹಕ್ಕಿಗಳನ್ನು. ಅವು ಚಿಕ್ಕವುಗಳಿಗಿಂತ ಹೆಚ್ಚು ಅಂಜುತ್ತವೆ. ಜನರಿಲ್ಲದ ದ್ವೀಪಗಳಲ್ಲಿ ಈ ಭೇದವಿಲ್ಲ.

ನಮ್ಮ ಹಿತ್ತಿಲ ಕೋಳಿಗೂ ಆ ಗ್ರಂಥದಲ್ಲಿ ಸ್ಥಾನ ದೊರೆತಿದೆ. ಸಾಕುಕೋಳಿಯ ಮರಿಗೆ ನಾಯಿ ಬೆಕ್ಕುಗಳ ಭಯವಿಲ್ಲ. ಆದರೆ ಅದರ ಮೂಲವಂಶವಾದ ಕಾಡುಕೋಳಿಯ ಮರಿಗಳು, ನಮ್ಮ ಭಾರತದಲ್ಲಿ ಸಾಕುಹೇಂಟೆಯ ರೆಕ್ಕೆಯಡಿಯಲ್ಲಿ ಬೆಳೆದರೂ, ಮೊದಮೊದಲು ಬಹಳ ಬೆದರುತ್ತವೆ. ಸಾಕುಹೇಂಟೆಯು ಅಪಾಯದ ಕೂಗು ಹಾಕಿದೊಡನೆ ಮರಿಗಳು ಅದರ ಅಡಿಯಿಂದ ಓಡಿ ಹುಲ್ಲಿನಲ್ಲಿ ಅಡಗುತ್ತವೆ. ಇದು ತಾಯಿಯು ಹಾರಿಹೋಗಲೆಂದು ಇರುವ ಏರ್ಪಾಡು; ಆದರೆ ಹೇಂಟೆಗೆ ಈಗ ಹಾರುವ ಶಕ್ತಿ ಉಳಿದಿಲ್ಲ. ಗಿಡುಗ ನರಿಗಳ ಕಾಲದ ನೆನಪು ಮಾತ್ರ ಮರಿಗಳಲ್ಲಿ ಉಳಿದಿದೆ.

ಅಂದಿನಿಂದ ಶಾಸ್ತ್ರವು ಮುಂದುವರಿದಿದೆ. ಅಭ್ಯಾಸವೇ ಸಂತತಿಗೆ ಇಳಿದು ಬರುವುದೆಂಬ ಭಾಗವನ್ನು ಇಂದಿನ ವಿದ್ವಾಂಸರು ಒಪ್ಪುವುದಿಲ್ಲ. ಅಂಜದವು ಸತ್ತು, ಅಂಜಿದವು ಉಳಿದು ಮರಿಮಾಡುವುದರಿಂದಲೇ ಭಯವು ವಂಶದಲ್ಲಿ ಬೇರೂರುವುದೆನ್ನುತ್ತಾರೆ. ಬೇಟೆಯ ಹಕ್ಕಿಗಳು ತಮ್ಮ ಜೀವಮಾನದಲ್ಲಿಯೇ ಬಹಳಷ್ಟನ್ನು ಕಲಿಯುವುದೂ ತಿಳಿದುಬಂದಿದೆ: ಈಡಿನ ಋತುವಿನಲ್ಲಿ ಕಾಡುಬಾತುಗಳು ಹಗಲೆಲ್ಲ ರಕ್ಷಿತ ಕೆರೆಗಳಲ್ಲಿ ತಂಗಿದ್ದು, ಕತ್ತಲಾದ ಮೇಲೆ ಹೊಲಗಳಿಗೆ ಮೇಯಲು ಹೋಗುತ್ತವೆ.

ಆ ಕಾಲದ ಇಂಗ್ಲೆಂಡಿನಲ್ಲಿ ಶ್ರೀಮಂತರ ಬೇಟೆಗೆ ಹಕ್ಕಿಗಳು ಸಮೃದ್ಧವಾಗಿರಲೆಂದು, ಅವುಗಳನ್ನು ತಿನ್ನುವ ಪ್ರಾಣಿಗಳನ್ನು ಕಾವಲುಗಾರರು ಹಲ್ಲುಳ್ಳ ಉಕ್ಕಿನ ಬೋನುಗಳಿಂದ ಹಿಡಿಯುತ್ತಿದ್ದರು. ಕಾಲು ಸಿಕ್ಕಿಕೊಂಡ ಪ್ರಾಣಿಯು ರಾತ್ರಿಯೆಲ್ಲ ನರಳಬೇಕಾಗಿತ್ತು. 1863ರಲ್ಲಿ ಎಮ್ಮಾ ಮತ್ತು ಚಾರ್ಲ್ಸ್ ದಂಪತಿಗಳು ಇದರ ವಿರುದ್ಧ ಒಂದು ವಿಜ್ಞಾಪನೆಯನ್ನು ಬರೆದು ಅಚ್ಚುಹಾಕಿಸಿ ಹಂಚಿದರು. ಈ ಕಾರ್ಯದಲ್ಲಿ ಎಮ್ಮಾಳ ಶ್ರಮವು ವಿಶೇಷವಾಗಿತ್ತು. ಅಂತಹ ಬೋನುಗಳು ಇಂಗ್ಲೆಂಡಿನಲ್ಲಿ ಕಾನೂನಿನಿಂದ ನಿಷಿದ್ಧವಾದುದು 1958ರಲ್ಲಿ. ಬಿತ್ತಿದವರು ಫಲವನ್ನು ಕಾಣಲಿಲ್ಲ.

ಡಾರ್ವಿನನು 1882ರ ಏಪ್ರಿಲ್ 19ರಂದು ದೈವಾಧೀನನಾದನು. ವೆಸ್ಟ್‌ಮಿನ್‌ಸ್ಟರ್ ಅಬ್ಬೆ ದೇವಾಲಯದಲ್ಲಿ ಆತನ ಸಮಾಧಿಯಾಯಿತು. ಕೆಡವಿದ ಹಕ್ಕಿಗಳನ್ನು ದಾರದ ಗಂಟುಗಳಿಂದ ಎಣಿಸಿದ ಯುವಕನು, ಹಕ್ಕಿಯ ಅಂಜಿಕೆಯೂ ಒಂದು ಲೆಕ್ಕವೆಂದೂ, ಅದರಲ್ಲಿ ನಮ್ಮ ಪೂರ್ವಿಕರ ಕೈಕೆಲಸವು ಬರೆಯಲ್ಪಟ್ಟಿದೆಯೆಂದೂ ಮುಂದೆ ಕಂಡುಕೊಂಡನು. ಆ ಲೆಕ್ಕವು ಒಂದು ದಿನದಲ್ಲಿ ಬರೆದುದಲ್ಲ; ಒಂದು ದಿನದಲ್ಲಿ ಅಳಿಸಿಹೋಗುವುದೂ ಇಲ್ಲ. ನಮ್ಮ ಮಕ್ಕಳು ಕಾಗೆಯ ಮುಂದೆ ಕಲ್ಲಿಗೆ ಬಾಗದೆ ಒಂದು ತುತ್ತನ್ನಿಟ್ಟರೆ, ಆ ಲೆಕ್ಕದಲ್ಲಿ ಹೊಸ ಗಂಟು ಸೇರದಿರುವುದೆಂದು ನಂಬಿದ್ದೇವೆ.