ಹಳೇಬೀಡಿನ ದಾರಿಯಲ್ಲಿ ಒಬ್ಬ ರೋಗಿ

ಅರಸೀಕೆರೆಯಿಂದ ಹಳೇಬೀಡಿಗೆ ಸುಮಾರು 40 ಕಿಲೋಮೀಟರ್. ಅಲ್ಲಿಂದ ಬೇಲೂರಿಗೆ ಮತ್ತೆ 16. ನಿವೃತ್ತನಾಗಿ ಊರಿಗೆ ಮರಳಿದ ಮೇಲೆ ಈ ದಾರಿಯಲ್ಲಿ ಎಷ್ಟು ಸಲ ಓಡಾಡಿದೆನೋ ಲೆಕ್ಕವಿಟ್ಟಿಲ್ಲ. ಮನೆಗೆ ಬಂದ ನೆಂಟರಿಷ್ಟರಿಗೆಲ್ಲ ಹೊಯ್ಸಳರ ಗುಡಿಗಳನ್ನು ತೋರಿಸುವ ಕೆಲಸ ನನ್ನ ಪಾಲಿಗೇ ಬಂದಿದೆ. ಆದರೆ ನಿಜ ಹೇಳಬೇಕೆಂದರೆ, ಈ ದಾರಿಯ ಶಾಸನಗಳಿಗಿಂತ ಶೌಚಾಲಯಗಳ ಪರಿಚಯವೇ ನನಗೆ ಹೆಚ್ಚು. ದೊಡ್ಡ ಕರುಳಿನ ಹುಣ್ಣಿನ ಕಾಯಿಲೆ ನನ್ನನ್ನು ಹಿಡಿದು 22 ವರ್ಷಗಳಾದವು. ಸೇವೆಯಲ್ಲಿದ್ದಾಗ ಸಭೆಯ ನಡುವೆ ಹಠಾತ್ತನೆ ಎದ್ದು ಹೋಗುತ್ತಿದ್ದೆ. ಸಾಹೇಬರಿಗೆ ಸಿಟ್ಟು ಬಂದಿದೆಯೆಂದು ಕೈಕೆಳಗಿನವರು ಭಾವಿಸುತ್ತಿದ್ದರು. ಅವರ ಆ ತಪ್ಪು ತಿಳಿವಳಿಕೆಯನ್ನು ನಾನು ತಿದ್ದಲಿಲ್ಲ. ಹೊಟ್ಟೆಯ ಕಾಯಿಲೆಗೆ ಗೌರವವಿಲ್ಲ. ಸಿಟ್ಟಿಗಾದರೂ ಸ್ವಲ್ಪ ಗೌರವವುಂಟು.

1927ರ ಆಗಸ್ಟ್‌ನಲ್ಲಿ ಇದೇ ಸೀಮೆಗೆ ಇನ್ನೊಬ್ಬ ರೋಗಿ ಬಂದಿದ್ದರು. ವಯಸ್ಸು 57. ಆ ವೇಳೆಗೆ ಅವರ ಹೊಟ್ಟೆ ಎರಡು ಬಾರಿ ಅವರನ್ನು ಹಾಸಿಗೆ ಹಿಡಿಸಿತ್ತು. ಅದೇ ವರ್ಷ ರಕ್ತದೊತ್ತಡ ಏರಿ ಕುಸಿದು ಬಿದ್ದು, ಮೈಸೂರು ಸಂಸ್ಥಾನದ ಅತಿಥಿಯಾಗಿ ಚೇತರಿಸಿಕೊಳ್ಳುತ್ತಿದ್ದರು. ಅವರು ಮೋಹನದಾಸ ಕರಮಚಂದ ಗಾಂಧಿ. ಉಪ್ಪಿನ ಸತ್ಯಾಗ್ರಹದ ಗಾಂಧಿ, ಉಪವಾಸದ ಗಾಂಧಿ ನಮಗೆಲ್ಲ ಗೊತ್ತು. ಜೀವಮಾನವಿಡೀ ಹೊಟ್ಟೆಯೊಡನೆ ಹೆಣಗಿದ ಗಾಂಧಿಯನ್ನು ನಾವು ಅಷ್ಟಾಗಿ ಗಮನಿಸಿಲ್ಲ. ಕಾಯಿಲೆ ಬಿದ್ದ ಮೇಲೆ ನಾನು ಅವರ ಆತ್ಮಕಥೆಯನ್ನು ಎರಡನೆಯ ಬಾರಿ ಓದಿದೆ. ವಿದ್ಯಾರ್ಥಿಯಾಗಿದ್ದಾಗ ಅಧ್ಯಾಯಗಳನ್ನೇ ಹಾರಿಸಿ ಓದಿದ್ದ ಪುಟಗಳು ಈಗ ನನ್ನನ್ನು ಕುರಿತೇ ಬರೆದಂತೆ ಕಂಡವು.

ದಕ್ಷಿಣ ಆಫ್ರಿಕಾದಲ್ಲಿ ವಕೀಲಿ ಚೆನ್ನಾಗಿ ನಡೆಯುತ್ತಿದ್ದ ದಿನಗಳಲ್ಲಿ ಅವರನ್ನು ಮಲಬದ್ಧತೆ ಮತ್ತು ತಲೆನೋವು ಬಿಡದೆ ಕಾಡಿದವು. ಆಗಾಗ ವಿರೇಚಕ ಸೇವಿಸಿ ದಿನ ದೂಡುತ್ತಿದ್ದರು. ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಬೆಳಗಿನ ತಿಂಡಿ ಬಿಟ್ಟವರದೊಂದು ಸಂಘ ಹುಟ್ಟಿದೆಯೆಂಬ ಸುದ್ದಿ ಓದಿ ತಾವೂ ತಿಂಡಿ ಬಿಟ್ಟರು. ತಲೆನೋವು ಹೋಯಿತು, ಮಲಬದ್ಧತೆ ಉಳಿಯಿತು. ಜರ್ಮನಿಯ ಅಡಾಲ್ಫ್ ಜಸ್ಟ್ ಬರೆದ ಪ್ರಕೃತಿ ಚಿಕಿತ್ಸೆಯ ಪುಸ್ತಕ ಕೈಗೆ ಸಿಕ್ಕಿದ ಮೇಲೆ, ತಣ್ಣೀರಿನಲ್ಲಿ ಕಲಸಿದ ಮಣ್ಣನ್ನು ತೆಳುಬಟ್ಟೆಗೆ ಹಚ್ಚಿ ರಾತ್ರಿ ಹೊಟ್ಟೆಯ ಮೇಲೆ ಕಟ್ಟಿಕೊಂಡು ಮಲಗತೊಡಗಿದರು. ಅದರಿಂದ ಗುಣ ಕಂಡಿತೆಂದು ಅವರೇ ಬರೆದಿದ್ದಾರೆ. ಸಂಕೋಚವಿಲ್ಲದೆ ಇದನ್ನೆಲ್ಲ ಲೋಕದ ಮುಂದಿಟ್ಟ ಧೈರ್ಯವೇ ನನಗೆ ಮೊದಲು ಹಿಡಿಸಿದ್ದು. 22 ವರ್ಷಗಳಲ್ಲಿ ನನ್ನ ಸಹೋದ್ಯೋಗಿಯೊಬ್ಬರಿಗೂ ನಾನು ಹೇಳಲಾರದೆ ಹೋದುದನ್ನು ಅವರು ಅಚ್ಚು ಹಾಕಿಸಿದ್ದರು.

1918ರ ಪ್ರಸಂಗ ಇನ್ನೂ ಹತ್ತಿರದ್ದು. ಖೇಡಾ ಜಿಲ್ಲೆಯಲ್ಲಿ ಸೈನ್ಯಕ್ಕೆ ಜನರನ್ನು ಸೇರಿಸುವ ಕೆಲಸದಲ್ಲಿ ಊರೂರು ಅಲೆಯುತ್ತ, ಕಡಲೆಕಾಯಿಯ ಬೆಣ್ಣೆ ಮತ್ತು ನಿಂಬೆಹಣ್ಣಿನ ಮೇಲೆ ಬದುಕಿದ್ದರು. ಆಗಲೇ ಸಣ್ಣಗೆ ಆಮಶಂಕೆ ಶುರುವಾಗಿತ್ತು. ಆಶ್ರಮಕ್ಕೆ ಬಂದ ದಿನ ಹಬ್ಬ. ಮಧ್ಯಾಹ್ನ ಏನೂ ಬೇಡವೆಂದು ಕಸ್ತೂರಬಾ ಅವರಿಗೆ ಹೇಳಿದ್ದರು. ಹಾಲು, ತುಪ್ಪ ಮುಟ್ಟದ ವ್ರತವಿದ್ದ ಗಂಡನಿಗಾಗಿ ಆಕೆ ಎಣ್ಣೆ ಹಾಕಿ ಗೋಧಿಯ ಸಿಹಿಯನ್ನು ಪ್ರತ್ಯೇಕವಾಗಿ ಮಾಡಿದ್ದರು. ಒಂದು ಬಟ್ಟಲು ಹೆಸರುಕಾಳನ್ನೂ ತೆಗೆದಿರಿಸಿದ್ದರು. ಹೆಂಡತಿಯ ಮನಸ್ಸಿಗೆಂದು ಒಂದು ತುತ್ತು ತಿನ್ನಲು ಕುಳಿತವರು ಹೊಟ್ಟೆ ತುಂಬ ತಿಂದರು. ಒಂದು ಗಂಟೆಯೊಳಗೆ ಆಮಶಂಕೆ ಉಲ್ಬಣಿಸಿತು. ಅಂದು ಸಂಜೆಯೇ ನಡಿಯಾದಿಗೆ ಹೋಗಬೇಕಿತ್ತು; ಎರಡು ಕಿಲೋಮೀಟರ್ ದೂರದ ಸಾಬರಮತಿ ನಿಲ್ದಾಣಕ್ಕೆ ಹೇಗೋ ಕಾಲೆಳೆದುಕೊಂಡು ನಡೆದರು. ಹಬ್ಬದ ದಿನ ಒಬ್ಬಟ್ಟಿನ ಮುಂದೆ ಸೋತು, ರಾತ್ರಿಯೆಲ್ಲ ಪಶ್ಚಾತ್ತಾಪಪಟ್ಟ ಯಾವ ರೋಗಿಗೂ ಈ ಕಥೆಗೆ ಟಿಪ್ಪಣಿ ಬೇಕಿಲ್ಲ.

ಮುಂದಿನ ತಿಂಗಳುಗಳಲ್ಲಿ ಅವರು ಸಾವಿನ ಅಂಚಿಗೆ ಹೋದರು. ಔಷಧವನ್ನೂ ಚುಚ್ಚುಮದ್ದನ್ನೂ ನಿರಾಕರಿಸಿದರು. ಬದುಕುವುದಿಲ್ಲವೆಂದು ತಾವೇ ತೀರ್ಮಾನಿಸಿ ಆಶ್ರಮವಾಸಿಗಳಿಗೆ ವಿದಾಯದ ಮಾತುಗಳನ್ನು ಹೇಳಿದರು. ಕಡೆಗೆ ಮುಂಬೈಯ ಡಾಕ್ಟರ್ ದಲಾಲ್, ಹಾಲು ಕುಡಿಯದೆ ಮೈ ಕಟ್ಟದೆಂದು ಸ್ಪಷ್ಟವಾಗಿ ಹೇಳಿದರು. ವ್ರತ ತೊಟ್ಟಾಗ ಮನಸ್ಸಿನಲ್ಲಿದ್ದುದು ಹಸು, ಎಮ್ಮೆಗಳ ಹಾಲು. ಆಡಿನ ಹಾಲಿಗೆ ಏನಡ್ಡಿ ಎಂದು ಕೇಳಿದವರು ಕಸ್ತೂರಬಾ. ಗಾಂಧಿ ಒಪ್ಪಿದರು. ವ್ರತದ ಅಕ್ಷರ ಉಳಿದು ಆತ್ಮ ಹೋಯಿತೆಂದು ಕೊನೆಯವರೆಗೂ ಕೊರಗಿದರು. ಆದರೆ ಬದುಕಿದರು. ದೇಶಕ್ಕೆ ಮುಂದಿನ 29 ವರ್ಷಗಳನ್ನು ಕೊಟ್ಟದ್ದರಲ್ಲಿ ಆ ಗೃಹಿಣಿಯ ವ್ಯವಹಾರಜ್ಞಾನದ ಪಾಲೂ ಇದೆ. ದೀರ್ಘಕಾಲದ ರೋಗಿಯ ಮನೆಯವರನ್ನು ಚರಿತ್ರೆ ಸಾಮಾನ್ಯವಾಗಿ ಮರೆಯುತ್ತದೆ. ನನ್ನ ಮನೆಯಲ್ಲಿ ಎರಡು ಬಗೆಯ ಸಾರು ಮಾಡುತ್ತ ಬಂದಿರುವವರನ್ನು ನಾನು ಮರೆಯುವಂತಿಲ್ಲ.

ಈ ಚೇತರಿಕೆಯ ಕಾಲದಲ್ಲೇ ನಾನು ಹೇಳಬಯಸುವ ಸಂಗತಿಯಿರುವುದು. ಮುಂಬೈಯಲ್ಲಿ ಹಾಸಿಗೆ ಹಿಡಿದಿದ್ದಾಗ ಅವರ ಕೋಣೆಯಲ್ಲಿ ಚರಕ ತಿರುಗತೊಡಗಿತು. ಅದರ ಗುಂಯ್ಗುಟ್ಟುವ ಸದ್ದು ತಮ್ಮ ಆರೋಗ್ಯ ಮರಳಲು ಕಡಿಮೆ ನೆರವಾಗಲಿಲ್ಲವೆಂದು ಬರೆದಿದ್ದಾರೆ. ಪರಿಣಾಮ ದೇಹಕ್ಕಿಂತ ಮನಸ್ಸಿನ ಮೇಲೆಯೇ ಹೆಚ್ಚಾಗಿದ್ದಿರಬಹುದೆಂದೂ ಪ್ರಾಮಾಣಿಕವಾಗಿ ಒಪ್ಪಿಕೊಂಡಿದ್ದಾರೆ. ಮುಂದೆ ಇಡೀ ರಾಷ್ಟ್ರದ ಅರ್ಥನೀತಿಯ ಸಂಕೇತವಾದ ಚರಕ, ಮೊದಲು ಒಬ್ಬ ಬಳಲಿದ ರೋಗಿಗೆ ಸಮಾಧಾನ ಕೊಟ್ಟ ಸದ್ದೂ ಆಗಿತ್ತು. ಅರ್ಥಶಾಸ್ತ್ರ ಓದಿದ ನಾನು ಚರಕದ ಉತ್ಪಾದಕತೆಯನ್ನು ಕುರಿತು ವಾದ ಮಾಡಿದ್ದುಂಟು. ಅದರ ಈ ಆದಾಯವನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

1924ರ ಜನವರಿ 12ರಂದು, ಸೆರೆವಾಸದಲ್ಲಿದ್ದಾಗ, ಪುಣೆಯ ಸಸೂನ್ ಆಸ್ಪತ್ರೆಯಲ್ಲಿ ಕರ್ನಲ್ ಮ್ಯಾಡಕ್ ಅವರ ಅಪೆಂಡಿಕ್ಸ್ ತೆಗೆದರು. ಶಸ್ತ್ರಚಿಕಿತ್ಸೆಯ ನಡುವೆ ವಿದ್ಯುತ್ ದೀಪ ಆರಿಹೋಗಿ, ಲಾಟೀನಿನ ಬೆಳಕಿನಲ್ಲಿ ಕೆಲಸ ಮುಗಿಸಬೇಕಾಯಿತು. ಪಾಶ್ಚಾತ್ಯ ವೈದ್ಯವನ್ನು ಕಟುವಾಗಿ ಟೀಕಿಸಿದ್ದವರು, ತಮ್ಮನ್ನು ಸೆರೆಗೆ ಹಾಕಿದ ಸರ್ಕಾರದ ವೈದ್ಯನ ಕತ್ತಿಗೆ ಮೈಯೊಡ್ಡಿ ಉಳಿದರು.

ಇನ್ನು ನಮ್ಮ ನಾಡಿಗೆ ಬರೋಣ. 1927ರ ಮಾರ್ಚ್ ಕೊನೆಯಲ್ಲಿ ಖಾದಿ ಪ್ರವಾಸದ ದಣಿವಿನಿಂದ ನಿಪ್ಪಾಣಿಯ ಬಳಿ ಅವರ ಆರೋಗ್ಯ ಕುಸಿಯಿತು. ವೈದ್ಯರು ಪೂರ್ಣ ವಿಶ್ರಾಂತಿ ವಿಧಿಸಿದರು. ಏಪ್ರಿಲ್‌ನಿಂದ ಜೂನ್ ಮೊದಲ ವಾರದವರೆಗೆ ನಂದಿಬೆಟ್ಟದಲ್ಲಿ, ಆ ಮೇಲೆ ಬೆಂಗಳೂರಿನ ಕುಮಾರಕೃಪ ಸೀಮೆಯ ಕುಮಾರ ಪಾರ್ಕಿನಲ್ಲಿ ತಂಗಿದರು. ಸುಮ್ಮನೆ ಮಲಗಿರಬೇಕೆಂಬ ಆಜ್ಞೆ ಇಂಥವರಿಗೆ ಶಿಕ್ಷೆಯೇ ಸರಿ. ಆದರೆ ಆ ತಿಂಗಳುಗಳಲ್ಲಿ ಅವರು ನೂಲುತ್ತಿದ್ದರು. ಆಶ್ರಮದ ಹೆಣ್ಣುಮಕ್ಕಳಿಗೆ ಪತ್ರಗಳನ್ನು ಬರೆಯುತ್ತಿದ್ದರು. ಬೆಂಗಳೂರಿನ ಇಂಪೀರಿಯಲ್ ಡೇರಿಗೆ ಹೋಗಿ ಹಸುಗಳ ಸಾಕಣೆಯನ್ನು ವಿದ್ಯಾರ್ಥಿಯಂತೆ ಕಲಿತರು. ಅಲ್ಲಿನ ಸಂದರ್ಶಕರ ಪುಸ್ತಕದಲ್ಲಿ ತಮ್ಮನ್ನು ಸಾಬರಮತಿಯ ರೈತನೆಂದು ಗುರುತಿಸಿಕೊಂಡದ್ದು ಪ್ರಸಿದ್ಧ. ಹಾಲು ಬಿಟ್ಟ ಮನುಷ್ಯ ಹಾಲಿನ ಶಾಲೆಯಲ್ಲಿ ಖುಷಿಯಿಂದ ಕುಳಿತ ಈ ಚಿತ್ರ ನನಗೆ ಬಹಳ ಇಷ್ಟ.

ಮೈಯಲ್ಲಿ ತುಸು ಬಲ ಬಂದೊಡನೆ ಸಂಸ್ಥಾನದಲ್ಲಿ ಪ್ರವಾಸ ಹೊರಟು ಆಗಸ್ಟ್‌ನಲ್ಲಿ ಅರಸೀಕೆರೆ, ಹಾಸನ, ಬೇಲೂರು, ಹಳೇಬೀಡುಗಳಿಗೆ ಬಂದರು. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಚೆನ್ನಕೇಶವನ ಗುಡಿ, ಹಳೇಬೀಡಿನ ಹೊಯ್ಸಳೇಶ್ವರ ಇಂದು ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ. 2023ರಲ್ಲಿ ಸೋಮನಾಥಪುರದೊಡನೆ ಆ ಮನ್ನಣೆ ದೊರೆಯಿತು. ಕಲೆಯ ವಿಷಯದಲ್ಲಿ ಗಾಂಧಿ ಅರಸಿಕರೆಂಬ ಮಾತಿದೆ. ಆದರೆ ಮೈಸೂರು ಸೀಮೆಯ ಪುರಾತನ ಗುಡಿಯಲ್ಲಿ ಕಂಡ ಒಂದು ಪುಟ್ಟ ಕಲ್ಲಿನ ಹೆಣ್ಣನ್ನು ಅವರು ಮರೆಯಲಿಲ್ಲ. ಸೀರೆಯ ನೆರಿಗೆಯನ್ನು ಕೊಡವುತ್ತಿರುವ ಆಕೆಯ ಕಾಲಬಳಿ ಒಂದು ಚೇಳು. ಆ ಚೇಳಿನ ರೂಪದಲ್ಲಿ ಕಾಮನೇ ಸೋತು ಬಿದ್ದಿದ್ದಾನೆಂದು ಅವರು ಅರ್ಥ ಮಾಡಿಕೊಂಡರು. ಆ ಶಿಲ್ಪ ತಮ್ಮೊಡನೆ ಮಾತಾಡಿತೆಂದು ನೆನೆದರು. ಸಾವಿರಾರು ಶಿಲ್ಪಗಳ ನಡುವೆ ಒಂದರ ಮುಂದೆ ಹೀಗೆ ನಿಂತು ನೋಡುವ ವ್ಯವಧಾನ ಅವರಿಗಿತ್ತು.

ಗಾಂಧಿಯ ಚಿಕಿತ್ಸಾಕ್ರಮವನ್ನು ಯಾರೂ ಅನುಸರಿಸಬೇಕೆಂದು ನಾನು ಹೇಳುತ್ತಿಲ್ಲ. ನನ್ನ ಕಾಯಿಲೆಗೆ ಮಣ್ಣಿನ ಪಟ್ಟಿ ಸಾಲದು. ವೈದ್ಯರು ಬರೆದುಕೊಟ್ಟ ಮಾತ್ರೆಗಳನ್ನು ಒಂದು ಹೊತ್ತೂ ತಪ್ಪಿಸುವುದಿಲ್ಲ. ಆಹಾರ ಪ್ರಯೋಗಗಳ ಹಟ ಅವರ ಪ್ರಾಣಕ್ಕೇ ಸಂಚಕಾರ ತಂದಿತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 2019ರಲ್ಲಿ ಪ್ರಕಟಿಸಿದ ಅವರ ಆರೋಗ್ಯ ದಾಖಲೆಗಳ ಪ್ರಕಾರ 1939ರಲ್ಲಿ ಅವರ ತೂಕ 46.7 ಕಿಲೋ. ಮಲೇರಿಯಾ ಮೂರು ಬಾರಿ ಬಂದಿತ್ತು. 1942ರಲ್ಲಿ ಆಗಾಖಾನ್ ಅರಮನೆಯ ಸೆರೆಯಲ್ಲಿ ಆರೋಗ್ಯದ ಬಗೆಗೆ ಪುಸ್ತಕ ಬರೆದರು. 1944ರಲ್ಲಿ ಬಿಡುಗಡೆಯಾದಾಗ ಹೊಟ್ಟೆಯಲ್ಲಿ ಕೊಕ್ಕೆಹುಳುವೂ ಅಮೀಬಾವೂ ಇದ್ದವು. ಆರೋಗ್ಯದ ಪುಸ್ತಕ ಬರೆದವರನ್ನೂ ಹೊಟ್ಟೆ ಬಿಡಲಿಲ್ಲ.

ಅವರಿಂದ ನಾನು ಕಲಿತದ್ದು ಬೇರೆ. ಪೂರ್ತಿ ಗುಣವಾಗುವ ದಿನಕ್ಕಾಗಿ ಅವರು ಸಂತೋಷವನ್ನು ಮುಂದೂಡಲಿಲ್ಲ. ನಾನು ಬಹಳ ವರ್ಷ ಅದನ್ನೇ ಮಾಡಿದೆ: ಗುಣವಾದ ಮೇಲೆ ಪ್ರವಾಸ, ಗುಣವಾದ ಮೇಲೆ ಓದು, ಗುಣವಾದ ಮೇಲೆ ಮೊಮ್ಮಗಳೊಡನೆ ಆಟ. ಕಡತಗಳನ್ನು ಮುಂದಿನ ಆದೇಶದವರೆಗೆ ತಡೆಹಿಡಿಯುವುದು ನಮ್ಮ ವೃತ್ತಿಯ ಅಭ್ಯಾಸ; ಬದುಕನ್ನೂ ಹಾಗೆ ತಡೆಹಿಡಿದಿದ್ದೆ. ಒಂದೊಂದು ತುತ್ತು ಹೆಚ್ಚಿದಂತೆ ಅದರಿಂದ ಸಿಗುವ ತೃಪ್ತಿ ಕಡಿಮೆಯಾಗುತ್ತದೆಂದು ಅರ್ಥಶಾಸ್ತ್ರ ಕಲಿಸುತ್ತದೆ. ರೋಗಿಗೆ ಸಿಗುವುದು ಬಹುಮಟ್ಟಿಗೆ ಮೊದಲ ತುತ್ತು ಮಾತ್ರ. ಅದರ ತೃಪ್ತಿ ಪೂರ್ಣವಾಗಿರುತ್ತದೆ ಎಂಬುದು ನನಗೆ ತಡವಾಗಿ ಹೊಳೆಯಿತು. ಹೊಟ್ಟೆ ಶಾಂತವಾಗಿರುವ ಬೆಳಿಗ್ಗೆ ಮೆತ್ತಗೆ ಬೆಂದ ಅನ್ನ, ತಿಳಿಸಾರು, ಮನೆಯ ಹಿಂದಿನ ತೆಂಗಿನಮರದ ಒಂದು ಎಳನೀರು. ಇಷ್ಟಕ್ಕೆ ಒಂದು ದಿನ ತುಂಬುತ್ತದೆ.

ಕಳೆದ ತಿಂಗಳು ಮತ್ತೆ ಹಳೇಬೀಡಿಗೆ ಹೋಗಿದ್ದೆ. ನೆಂಟರು ಅರ್ಧ ಗಂಟೆಯಲ್ಲಿ ಗುಡಿ ಸುತ್ತಿ ಮುಗಿಸಿದರು. ನನಗೆ ಅಷ್ಟು ಸುತ್ತುವ ಧೈರ್ಯವಿರಲಿಲ್ಲ. ಜಗತಿಯ ಅಂಚಿನಲ್ಲಿ ಕುಳಿತು, ಗೋಡೆಯ ತಳದ ಸಾಲಿನಲ್ಲಿ ಸಾಗುವ ಆನೆಗಳ ಪೈಕಿ ಹತ್ತನ್ನು ಮಾತ್ರ ನೋಡಿದೆ. ಒಂದರ ಸೊಂಡಿಲು ಇನ್ನೊಂದರಂತಿಲ್ಲ. ಮುಂದಿನ ಸಲ ಹನ್ನೊಂದನೆಯ ಆನೆಯಿಂದ ಶುರು ಮಾಡಬೇಕು.